ಒಂದು, ಎರಡು, ಎನ್

ಬಾರ್ತಂಗ್ ಕಣಿವೆಯಲ್ಲಿ ಮನೆಗೆ ಐದು ಕಂಬ,
ಐದಕ್ಕೂ ಹೆಸರಿದೆ. ಒಳಗೆ ಬಂದವರು
ಮೊದಲು ಕಂಬ ಮುಟ್ಟಿ ಕೈಯನ್ನು ಎದೆಗೊತ್ತಿಕೊಳ್ಳುತ್ತಾರೆ,
ಮನುಷ್ಯರ ಯೋಗಕ್ಷೇಮ ಆಮೇಲೆ.
ನಾನು ಮುಟ್ಟಿದ್ದು ಕಂಬಕ್ಕೆ ಬಡಿದ ತಗಡಿನ ಡಬ್ಬಿಯನ್ನು,
ಅದೂ ಹಿಂಗೈಯಿಂದ.
ಇಪ್ಪತ್ತು ವರ್ಷದ ಅಭ್ಯಾಸ, ಭಕ್ತಿಯೇನಲ್ಲ.

"ಆರಿಸಿಯೇ ಮುಟ್ಟಿದ್ದೆ" ಎಂದ ನೆಕ್ರೂಜ್,
ಹನ್ನೆರಡರ ಪೋರ, ಹೆಬ್ಬೆರಳಿಗೆ ಬೆಣ್ಣೆ ಮೆತ್ತಿಕೊಂಡು.
"ಬ್ರೇಕರ್ ಕೆಳಗಿಳಿಸಿದೆ. ಬಲ್ಬು ಆರಿತು.
ಬಿಚ್ಚಲು ಹೋದೆ, ಕಚ್ಚಿತು."
ಮನೆಯಲ್ಲಿ ಯಾರೂ ಅವನನ್ನು ನಂಬಿರಲಿಲ್ಲ.
ನಾನು ನಂಬಿದೆ.

ಟೆಸ್ಟರಿನ ಹೊಟ್ಟೆಯಲ್ಲೊಂದು ಕಿತ್ತಳೆ ಚುಕ್ಕಿ.
ಬ್ರೇಕರ್ ಇಳಿದಿದೆ, ದೀಪ ಆರಿದೆ,
ಹೋಲ್ಡರಿನ ಬಾಯಲ್ಲಿ ಮಾತ್ರ
ಚುಕ್ಕಿ ಕಣ್ಣು ಬಿಟ್ಟಿತು.
ಯಾವನೋ ಪುಣ್ಯಾತ್ಮ, ಊರಿಗೆ ಕರೆಂಟು ಬಂದ ವರ್ಷ,
ಎರಡೂ ಬಿಳಿ ತಂತಿ, ಎರಡೂ ಅಲ್ಯೂಮಿನಿಯಂ,
ಯಾವುದಾದರೇನು ಎಂದು
ನ್ಯೂಟ್ರಲನ್ನು ಬ್ರೇಕರಿಗೆ ಕೊಟ್ಟು
ಫೇಸನ್ನು ನೇರ ದೀಪಕ್ಕೆ ಬಿಟ್ಟಿದ್ದಾನೆ,
ಕೊಟ್ಟಿಗೆಗೆ ಅಗುಳಿ ಹಾಕಿ
ಹೋರಿಯನ್ನು ಅಂಗಳದಲ್ಲೇ ಮರೆತ ಹಾಗೆ.
ಇಷ್ಟು ವರ್ಷ ದೀಪವೇನೋ ಹತ್ತುತ್ತಿತ್ತು.
ತಪ್ಪಿದ್ದರೂ ಹತ್ತುತ್ತದೆ, ಅದೇ ಮೋಸ.

ಕಾಲುವೆಗೆ ಆಳು ಓಡಿದ. ಮಮದ್‌ಶೋ ಹಲಗೆ ಇಳಿಸಿದ,
ಟರ್ಬೈನು ಗೊಣಗಿ ಗೊಣಗಿ ನಿಂತಿತು.
ಮೂವತ್ತೆರಡು ಮನೆ ಕಪ್ಪಾದವು.
ಯಾರದೋ ಟಿವಿಯಲ್ಲಿ ಮದುವೆ ಅರ್ಧಕ್ಕೇ ನಿಂತು
ಬೈಗುಳ ಏಪ್ರಿಕಾಟ್ ಮರ ದಾಟಿ ಬಂತು.

ಉಳಿದದ್ದು ಸೂರಿನ ಬೆಳಕು:
ಚೌಕದೊಳಗೆ ಚೌಕ, ಅದರೊಳಗೆ ಚೌಕ,
ಕೊನೆಯ ಚೌಕಕ್ಕೆ ಆಕಾಶ.
ತಂತಿಯಿಲ್ಲದ್ದು, ತಿರುಪಿಲ್ಲದ್ದು,
ಹೊತ್ತಾದರೆ ತಾನೇ ಎದ್ದು ಹೋಗುವಂಥದ್ದು.
ಅದು ಹೋಗುವ ಮುಂಚೆ
ಉಗುರಿನಿಂದ ಒಲೆಮಸಿ ಕೆರೆದು ಓದಿದೆ.
ಮೇಲೆ ಒಂದು. ಕೆಳಗೆ ಎರಡು.
ಹಿತ್ತಾಳೆ ಪಟ್ಟಿಯ ಮೂಲೆಯಲ್ಲಿ ಎನ್.

"ಈ ತಿರುಪುಗಳಿಗೂ ಹೆಸರಿದೆಯೇನೋ ಶಿರಿನ್‌ಬೆಕ್?"
ಓಶುರ್‌ಬೆಗಿಮ್ ಅಜ್ಜಿ, ಕಾಲುಚೀಲದ ಹೆಣಿಗೆಯಿಂದ ತಲೆಯೆತ್ತದೆ.
"ನಂಬರಿದೆ ಅಜ್ಜಿ.
ಬೆಸದಲ್ಲಿ ಬರುತ್ತದೆ, ಸಮದಲ್ಲಿ ಹೋಗುತ್ತದೆ."
"ಆ ಹಳದಿ ಪಟ್ಟಿಗೆ?"
"ಅದಕ್ಕೆ ಒಂದೇ ಅಕ್ಷರ.
ಹೋದದ್ದೆಲ್ಲ ಅದರ ಮೂಲಕ ಮರಳುತ್ತದೆ."
ನಾಲ್ಕು ಹೊಲಿಗೆ ಎಣಿಸಿದಳು. ಐದನೆಯದಕ್ಕೆ ನಿಂತಳು.
"ಮರಳುವ ದಾರಿಗೆ ಬಾಗಿಲಿಟ್ಟವನು ಯಾರು?"

ಅಷ್ಟರಲ್ಲಿ ಒಂದನೆಯ ತಿರುಪು ಬಿಚ್ಚಿತ್ತು.
ತಂತಿಯ ಕುಣಿಕೆ ಎಡಕ್ಕೆ ಸುತ್ತಿತ್ತು,
ಬಿಗಿದಷ್ಟೂ ಬಿಚ್ಚಿಕೊಳ್ಳುವ ಸುತ್ತು,
ಕೆಲಸ ಕಲಿಯುವ ಎಡಚರು ಸುತ್ತುವಂಥದ್ದು.
ಈ ಕಣಿವೆಯಲ್ಲಿ ತಂತಿ ಹಿಡಿದ ಎಡಚ
ಒಬ್ಬನೇ.
ಆಗ ಅವನಿಗೆ ಹತ್ತೊಂಬತ್ತು. ದಿನಕ್ಕೆ ನಾಲ್ಕು ಮನೆ.
ದೀಪ ಹತ್ತಿದಾಗ ಹೆಂಗಸರು ಅವನ ಜೇಬಿಗೆ
ಒಣ ಹಿಪ್ಪುನೇರಳೆ ತುಂಬುತ್ತಿದ್ದರು.

"ಯಾರೋ ಹುಡುಗ" ಎಂದೆ.
ನೆಕ್ರೂಜ್ ನನ್ನ ಕೈಯನ್ನೇ ನೋಡುತ್ತಿದ್ದ,
ಸ್ಕ್ರೂಡ್ರೈವರ್ ಹಿಡಿದ ಕೈಯನ್ನು.
ಏನೂ ಅನ್ನಲಿಲ್ಲ, ಟಾರ್ಚು ಸ್ವಲ್ಪ ಹತ್ತಿರ ತಂದ.

ಕುಣಿಕೆ ಕತ್ತರಿಸಿ ಹೊಸದಾಗಿ ಬಲಕ್ಕೆ ಬಾಗಿಸಿದೆ.
ಒಂದಕ್ಕೆ ಫೇಸು. ಎರಡರಿಂದ ದೀಪಕ್ಕೆ.
ಮರಳುವುದು ಮರಳಲಿ, ತಡೆಯಿಲ್ಲದೆ, ಪಟ್ಟಿಗೆ.
ಕೆಂಪು ಟೇಪು ಇತ್ತು, ನೀಲಿ ಮುಗಿದಿತ್ತು.
ಅಜ್ಜಿ ಕಾಲುಚೀಲದ ನೀಲಿ ನೂಲು ಎಳೆದು
ಹಲ್ಲಿನಿಂದ ಕಡಿದು ಕೊಟ್ಟಳು.
ಎನ್ ಅಕ್ಷರದ ತಂತಿಗೆ ಎರಡು ಗಂಟು ಹಾಕಿದೆ.

ಹಲಗೆ ಎದ್ದಿತು, ನೀರು ಬಂತು, ದೀಪ ಬಂತು.
ಬ್ರೇಕರ್ ಇಳಿಸಿ ಹೋಲ್ಡರಿಗೆ ಟೆಸ್ಟರ್ ಇಟ್ಟೆ:
ಚುಕ್ಕಿ ಕುರುಡು.
ಬಾ ಎಂದೆ. ಹುಡುಗ ಬೆಣ್ಣೆಯ ಹೆಬ್ಬೆರಳು ಮಡಚಿಕೊಂಡು
ಬಲ್ಬು ತಿರುಗಿಸಿದ.

ಕೂಲಿ ಬೇಡವೆಂದಾಗ ಅಜ್ಜಿ ಹುಬ್ಬೇರಿಸಿದಳು.
"ನೀಲಿ ನೂಲು ಇನ್ನೂ ಬೇಕಿತ್ತು."
"ಎಷ್ಟು?"
"ಮೂವತ್ತೊಂದು ಮನೆಗಾಗುವಷ್ಟು."
ಯಾಕೆಂದು ಕೇಳಲಿಲ್ಲ.
ಅರ್ಧ ಹೆಣೆದ ಕಾಲುಚೀಲವನ್ನು
ತುದಿಯಿಂದ ಬಿಚ್ಚತೊಡಗಿದಳು.