ಗುರುವಾರದ ತೂಕ

ಗೋಥೆನ್‌ಬರ್ಗಿನಲ್ಲಿ ಮೂರೂವರೆಗೇ ಕತ್ತಲೆ.
ಲೆತೆಬ್ರಹಾನ್ ಪ್ಲಾಸ್ಟಿಕ್ ಗುಳ್ಳೆಯ ಕೈಗವಸಿಗೆ
ಮೊಣಕೈವರೆಗೂ ತೋಳು ತೂರಿಸಿ ತೂಗುತ್ತಾಳೆ:
ಇಲಿ ನಲವತ್ತೊಂದು, ಇಪ್ಪತ್ತೆರಡು ಗ್ರಾಂ.
ಪಕ್ಕದ ಗುಳ್ಳೆಯಲ್ಲಿ ನಲವತ್ತೆರಡು,
ಮತ್ತೊಮ್ಮೆ ಇಟ್ಟು ನೋಡಿದರೂ ಇಪ್ಪತ್ತೇಳು.

ಒಂದೇ ಚೀಲದ ಮೇವು, ಒಂದೇ ಅಳತೆ.
ತಿನ್ನದೆ ಬಿಟ್ಟ ಚೂರನ್ನೂ ಅವಳೇ ಆಯ್ದು ತೂಗಿದ್ದಾಳೆ.
ಹುಟ್ಟಿದಾಗ ಎರಡರ ಕರುಳೂ
ಒಕ್ಕಲಿಲ್ಲದ ಖಾಲಿ ಮನೆ.
ಆಮೇಲೆ ಬಂದವು ಅವಳಿ ಅಕ್ಕತಂಗಿಯರ ಮಲದ ಎರಡು ಹನಿ:
ಇದಕ್ಕೆ ತೆಳ್ಳಗಿನವಳದು,
ಅದಕ್ಕೆ ದಪ್ಪಗಿನವಳದು.
ಅಷ್ಟೇ ವ್ಯತ್ಯಾಸ.

ಅವಳ ಜೇಬಿನಲ್ಲೂ ಒಂದು ಚೀಟಿ, ಸಕ್ಕರೆ ಗೆರೆ ದಾಟಿದೆ.
'ಬಾಯಿ ಕಟ್ಟಬೇಕಮ್ಮ' ಎಂದಿದ್ದಳು ನರ್ಸ್ ಗುನ್‌ವೊರ್, ಮೆತ್ತಗೆ.
ಹದಿನೇಳು ವರ್ಷ ಎಲ್ಲರೂ ಬೈದದ್ದು ಬಾಯಿಗೇ.
ಬಾಯಿಯೂ ತಪ್ಪೊಪ್ಪಿಕೊಂಡಿತ್ತು.

ಎರಿಟ್ರಿಯಾದ ಕೆರೆನ್‌ನಲ್ಲಿ ಅವ್ವ
ಟೆಫ್ ಹಿಟ್ಟು ಕಲಸಿ, ಮಡಕೆ ಮುಚ್ಚಿ, ಮೂರು ದಿನ ಕಾಯುವಳು.
ಬುಳುಬುಳು ಸದ್ದಿಗೆ ಕಿವಿಯಿಟ್ಟು
'ಎದ್ದಿದಾರೆ' ಎನ್ನುವಳು, ನೆಂಟರ ಮಾತೆಂಬಂತೆ.
ತಳದಲ್ಲೊಂದು ಹಿಡಿ ಹುಳಿಹಿಟ್ಟು ಬಿಡುವಳು:
'ಅದು ಅವರ ಪಾಲು.'
ಇಲ್ಲಿ ಸೋಡ ಹಾಕಿದರೆ ಅರ್ಧ ಗಂಟೆ.

ಹಾಗಾದರೆ ಯಾರು ಉಂಡರು ನನ್ನ ರೊಟ್ಟಿ,
ಯಾರು ಕೂಡಿಟ್ಟರು ಅದನ್ನು ನನ್ನ ಸೊಂಟದಲ್ಲಿ?
ಉಂಡ ಮನೆಯ ಜಂತೆ ಎಣಿಸುವವರೋ,
ಇಲ್ಲ, ಬರಗಾಲಕ್ಕಿರಲೆಂದು ಕಣಜ ತುಂಬಿದ ನಂಬಿಗಸ್ಥರೋ?

ಇಲಿ ಮೂಗು ಅಲುಗಿಸುತ್ತದೆ; ಅದಕ್ಕೂ ಗೊತ್ತಿಲ್ಲ.
ಷರಾದ ಅಂಕಣದಲ್ಲಿ ಅವಳು ಬರೆಯುತ್ತಾಳೆ:
'ನಲವತ್ತೆರಡು ಹೊಟ್ಟೆಬಾಕ ಅಲ್ಲ.'
ಮೇಲಿನವರು ಹೊಡೆದುಹಾಕುತ್ತಾರೆ, ಗೊತ್ತು.
ಪೆನ್ನು ಒತ್ತಿ ಬರೆಯುತ್ತಾಳೆ.