ಆಗಸ್ಟ್ ಒಂದು, ಬೈತಖೋಲ

ಐಸ್ ಫ್ಯಾಕ್ಟರಿಯ ಮೇಲಿನ ಕೋಣೆಯಲ್ಲಿ
ಒಂದು ಕರಿ ಪೆಟ್ಟಿಗೆ. ಅಗಲ ಒಂದು ಮೊಳ, ದಪ್ಪ ಎರಡು ಬೆರಳು.
ಆರೇ ತಿಂಗಳಿಗೆ ತಿರುಪುಗಳಲ್ಲಿ ತುಕ್ಕು.
ಈ ಗಾಳಿಗೆ ಯಾವುದು ತುಕ್ಕು ಹಿಡಿಯಲಿಲ್ಲ,
ಗೋಡೆ ಗಡಿಯಾರದ ಮುಳ್ಳು ಹಿಡಿದಿದೆ,
ನನ್ನ ಬೈಕಿನ ಸೈಲೆನ್ಸರ್ ಉದುರಿದೆ.

ಇದನ್ನು ಕೊಳ್ಳುವ ದಿನ
ಸೊಸೈಟಿಯ ಅಧ್ಯಕ್ಷ ಉಲ್ಲಾಸ ತಾಂಡೇಲರು
ಕನ್ನಡಕ ಹಣೆಗೇರಿಸಿ ಕೇಳಿದ್ದರು:
ಈ ದುಡ್ಡಿಗೆ ಒಂದು ಹೊಸ ಇಂಜಿನ್ ಬರ್ತದಲ್ಲೋ,
ಇದೇನು ಮೀನು ಹಿಡೀತದ್ಯಾ?
ಬಿಡಬೇಕಾದ್ದನ್ನು ಬಿಡುತ್ತದೆ, ಹಿಡಿಯಬೇಕಾದ್ದನ್ನು ಹಿಡಿಯುತ್ತದೆ, ಎಂದೆ.
ಹಾಗಾದ್ರೆ ಬಲೆಯೇ ಆಯ್ತು, ಅಂದು
ಸಹಿ ಹಾಕಿದರು.

ಜುಲೈ ಮೂವತ್ತೊಂದರ ನಡುರಾತ್ರಿ
ಅರವತ್ತೊಂದು ದಿನ ಹಗ್ಗ ಕಚ್ಚಿ ಬಿದ್ದ ದೋಣಿಗಳೆಲ್ಲ
ಒಂದೇ ಗಳಿಗೆಗೆ ಎದ್ದವು.
ಡೀಸೆಲ್ ಟೋಕನ್, ಐಸಿನ ಪಾಳಿ, ಹರಾಜಿಗೆ ಹೆಸರು
ಎಲ್ಲಾ ಫೋನಿನಲ್ಲೇ, ಎಲ್ಲರಿಗೂ ತಾವೇ ಮೊದಲು.
ಪೆಟ್ಟಿಗೆಯ ಬೆನ್ನಿಗೆ ಮೂರು ಸರ್ವರ್.
ಐದು ಸೆಕೆಂಡಿಗೊಮ್ಮೆ ಅದು ಒಂದೊಂದನ್ನೇ ಕೂಗುತ್ತದೆ:
ಇದ್ದೀಯಾ?
ಇದ್ದೇನೆ.
ಇದ್ದೀಯಾ?
ಇದ್ದೇನೆ.
ಇದ್ದೀಯಾ?

ಮೂರನೆಯದು ಮಾತಾಡಲಿಲ್ಲ.
ಅದರ ಪಾಲಿನ ಜನವನ್ನು ಉಳಿದೆರಡರ ಸಾಲಿಗೆ
ಮೆಲ್ಲಗೆ ಸರಿಸಿತು. ಯಾರ ಕಾಲೂ ಯಾರಿಗೂ ತಾಗಲಿಲ್ಲ.
ಬೆವತವನು ನಾನೊಬ್ಬ.

ಎರಡೂವರೆಗೆ ಅವರು ಬಂದರು. ಬರದೆ ಇರುತ್ತಾರೆಯೇ!
ಸೆಕೆಂಡಿಗೆ ನಾಲ್ಕು ಸಾವಿರ ಸಲ ಅದೇ ಬಾಗಿಲು ಬಡಿದರು.
ಹೆಸರು ಬರೆಯುವ ಜಾಗದಲ್ಲಿ ಒಬ್ಬ ಅಪ್ಪಣೆ ಬರೆದಿದ್ದ:
ಎಲ್ಲರ ಖಾತೆ ತೋರಿಸು, ಆಮೇಲೆ ಅಳಿಸು.
ಪೆಟ್ಟಿಗೆ ಮೊಹರು ಬಿಡಿಸಿ ಓದಿತು,
ಮಡಚಿ ಕಸಕ್ಕೆ ಹಾಕಿತು,
ಮುಂದಿನ ಲಕೋಟೆಗೆ ಕೈಚಾಚಿತು.
ಇನ್ನೂರು ದೋಣಿಗಳ ಸಾಲ, ಉಳಿತಾಯ,
ಬಲೆ ಕೊಳ್ಳಲು ಅಡವಿಟ್ಟ ಕರಿಮಣಿಯ ಲೆಕ್ಕ
ಆಚೆ ಬದಿಯಲ್ಲಿ ಮಗ್ಗುಲೂ ಬದಲಿಸದೆ ಮಲಗಿತ್ತು.
ಚಹಾಕ್ಕೆಂದು ಧಕ್ಕೆಗೆ ಇಳಿದೆ.
ದೇವಗಡದ ದೀಪ ನನ್ನ ಮೇಲೂ ಒಮ್ಮೆ ಹಾಯ್ದು ಹೋಯಿತು.
ಗೆದ್ದವನ ಹಾಗೆ ಎರಡು ಗ್ಲಾಸು ಕುಡಿದೆ.

ಐದೂವರೆಗೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು.
ತುಳಸಾ ಹರಿಕಂತ್ರ, ಹಿಂದೆ ಎಂಟು ಹೆಂಗಸರು,
ಖಾಲಿ ಬುಟ್ಟಿಗಳು, ಎಲ್ಲರಿಗೂ ಸೇರಿ ಒಂದು ಫೋನು.
ಒಡೆದ ಗಾಜಿನ ಮೇಲೆ ನಾನೇ ಬರೆದಿಟ್ಟ ಸಾಲು:
ನಿಮ್ಮ ಪ್ರವೇಶವನ್ನು ತಡೆಯಲಾಗಿದೆ.
ಆರಕ್ಕೆ ಹೆಸರು ಮುಚ್ಚುತ್ತದೆ.

ಯಾಕೋ ತಮಾ, ನಾವೆಂತ ಕದ್ದದ್ದು?

ಕಡತ ತೆರೆದೆ. ಒಂದೇ ಫೋನಿನಿಂದ ಒಂಬತ್ತು ಹೆಸರು,
ಒಂದರ ಹಿಂದೊಂದು, ಮೂರು ನಿಮಿಷದಲ್ಲಿ.
ಕಳ್ಳರ ಹೆಜ್ಜೆಯೂ ಹೀಗೇ ಬೀಳುತ್ತದೆ ಎಂದು
ಹೇಳಹೊರಟೆ.
ಅದು ನಮ್ಮ ಮೋರೆ ನೋಡಿಲ್ಲನಾ? ಎಂದಳು,
ಸೆರಗಿನಿಂದ ಫೋನು ಒರೆಸುತ್ತ,
ಕೊಳೆ ಇದ್ದದ್ದಕ್ಕೇ ಹೀಗಾಯಿತೇನೋ ಎಂಬ ಹಾಗೆ.

ಮೋರೆ ನೋಡುವ ನಿಯಮ ನಾನು ಬರೆದಿರಲಿಲ್ಲ.
ಈಗ ಬರೆಯಲು ಕೂತರೆ ಬೆರಳು ಏಳವು.
ಒಂಬತ್ತು ಜನಕ್ಕೆ ಬಿಚ್ಚಿದ ಕಣ್ಣಿನಲ್ಲಿ
ನಾಲ್ಕು ಸಾವಿರ ಜನ ನುಗ್ಗಿದರೆ?
ಐದು ನಲವತ್ತೊಂದು. ಐದು ನಲವತ್ತಾರು.
ಹೆಂಗಸರು ನೆಲದ ಮೇಲೆ ಕೂತು
ಕೊಂಕಣಿಯಲ್ಲಿ ನನ್ನ ಬಗ್ಗೆ ಏನೋ ಹೇಳಿ ನಕ್ಕರು.
ಐದು ಐವತ್ತೆರಡಕ್ಕೆ ಗುಂಡಿ ಒತ್ತಿದೆ.
ಒಂಬತ್ತೂ ಹೆಸರು ಒಳಗೆ ಹೋದವು. ಯಾರೂ ಥ್ಯಾಂಕ್ಸ್ ಅನ್ನಲಿಲ್ಲ.
ಮೂರನೆಯ ಸರ್ವರ್ ಯಾವಾಗ ಎದ್ದಿತೋ
ನೋಡಲಿಲ್ಲ.

ತಿಂಗಳ ಕೊನೆಗೆ ಹುಬ್ಬಳ್ಳಿಯ ಆಡಿಟರ್ ಬಂದರು.
ಇಪ್ಪತ್ತೇಳನೆಯ ನಿಯಮದ ಮೇಲೆ ಪೆನ್ನು ನಿಲ್ಲಿಸಿ,
ಇದೇನಿದು, 'ತುಳಸಾ'? ಯಾವ ಕಂಪನಿಯದು?
ಕಿಟಕಿ ತೆರೆದೆ. ಕೆಳಗೆ ಹರಾಜಿನ ಕೂಗು.
ಅವಳು ಗುಡ್ಡೆಯಿಂದ ಒಂದು ಇಸೋಣ ಎತ್ತಿ
ಹೆಬ್ಬೆರಳಿನಿಂದ ಕಿವಿರು ತೆರೆದು
ಒಳಗೆ ಕೆಂಪೋ ಕಪ್ಪೋ ನೋಡುತ್ತಿದ್ದಳು,
ತನ್ನ ಸ್ವಂತ ತಮ್ಮನ ದೋಣಿಯ ಮೀನು.