ವೇಟಿಂಗ್ ಚಾರ್ಜು

ಹಾಸನದ ರೈಲ್ವೆ ಸ್ಟೇಷನ್ನಿನ ಮುಂದೆ
ಹುಣಸೆಮರದಡಿ ನನ್ನ ಓಮ್ನಿ.
ಇಳಿದವರು ಕೇಳುವುದು ಒಂದೇ:
ನಾಲ್ಕು ಗಂಟೆಗೆ ರೈಲು,
ಅಷ್ಟರಲ್ಲಿ ಯಾವುದು ನೋಡೋಣ,
ಸಾಲಗಾಮೆ ರಸ್ತೆಯ ಸಿನಿಮಾ ಮ್ಯೂಸಿಯಮ್ಮೋ,
ಹಳೇಬೀಡಿನ ಬಸದಿಯೋ?

ನಾನು ಮೊದಲು ಕಾಲು ನೋಡುತ್ತೇನೆ.
ಲೇಸಿನ ಬೂಟಾದರೆ ಮ್ಯೂಸಿಯಮ್ಮು,
ಬಿಚ್ಚುವ ಕಷ್ಟವಿಲ್ಲ.
ಹವಾಯಿ ಚಪ್ಪಲಿಯಾದರೆ ಬಸದಿ.
ತಿಂಗಳ ಕೊನೆಯಾದರೆ ಯಾರಿಗಾದರೂ ಬಸದಿಯೇ,
ಮೂವತ್ತು ಕಿಲೋಮೀಟರಿನ ಬಾಡಿಗೆ, ಹೋಗಿ ಬರೋದು.

ಆರು ವರ್ಷ ಹೀಗೆ.
ಎರಡರ ಬಾಗಿಲೂ ಗೊತ್ತು, ಒಳಗು ಗೊತ್ತಿಲ್ಲ.
ಮ್ಯೂಸಿಯಮ್ಮಿಂದ ಬಂದವರು ಎಲ್ಲರೂ ಒಟ್ಟಿಗೇ ಮಾತಾಡುತ್ತಾರೆ:
ನಮ್ಮ ಮದುವೇಲೂ ಇಂಥದೇ ಟೇಪ್ ರೆಕಾರ್ಡರ್ ಕೊಟ್ಟಿದ್ರಲ್ಲ,
ಯಾರು ಹೊತ್ಕೊಂಡು ಹೋದ್ರು ಅದನ್ನ?
ಸ್ಟೇಷನ್ ಬರುವ ತನಕ ಜಗಳ.
ಬಸದಿಯಿಂದ ಬಂದವರು ಚಪ್ಪಲಿ ಹುಡುಕುತ್ತಾರೆ,
ಎದುರಿಗೇ ಇದ್ದರೂ.

ಮೊನ್ನೆ ಶನಿವಾರ ದಾವಣಗೆರೆಯ ಗಿರಿಜವ್ವ,
ಮಂಡಿಗೆ ಪಟ್ಟಿ, ಜೊತೆಗೆ ಮೊಮ್ಮಗ ಚಿರಂತ.
ಹುಡುಗನಿಗೆ ಮ್ಯೂಸಿಯಮ್ಮು, ಅಜ್ಜಿಗೆ ಬಸದಿ.
'ನೀನಾ ಹೇಳಪಾ ತಮ್ಮಾ' ಅಂದಳು.
ತಾರೀಖು ಇಪ್ಪತ್ತೆಂಟು. ಬಸದಿ ಅಂದೆ.

ದೊಡ್ಡ ಗುಡಿಯ ಮುಂದೆ ಸಾಲು ಬಸ್ಸು.
ನಾವು ಆಚೆ ಬಸ್ತಿಹಳ್ಳಿಗೆ ತಿರುಗಿದೆವು.
ಅಲ್ಲಿ ಒಂದು ಕರು, ಒಬ್ಬ ಕಾವಲುಗಾರ.
ಮೆಟ್ಟಿಲಲ್ಲಿ ಅವಳ ಮಂಡಿ ಮುಷ್ಕರ ಹೂಡಿತು.
'ತೋಳು ಕೊಡು' ಅಂದಳು. ಕೊಟ್ಟೆ.
ಎಕ್ಕಡ ಬಿಟ್ಟು, ಮೊದಲ ಸಲ, ಒಳಗೆ.

ಕಂಬಗಳು ಕರ್ರಗೆ, ಈಗ ತಾನೆ ಎಣ್ಣೆ ಸವರಿದ ಹಾಗೆ.
ಒಂದರಲ್ಲಿ ನಾನು ಕಡ್ಡಿಯಾಗಿದ್ದೆ,
ಇನ್ನೊಂದರಲ್ಲಿ ಖಾಕಿ ಅಂಗಿ ಮೇಲೆ, ತಲೆ ಕೆಳಗೆ.
ದಿನವಿಡೀ ಕನ್ನಡಿ ನೋಡುವವನು ನಾನು,
ಹಿಂದಿನ ಸೀಟು ಕಾಣುತ್ತದೆ,
ಅದರಲ್ಲಿ ನಾನಿರುವುದಿಲ್ಲ.
ಒಳಗೆ ಅರೆಗತ್ತಲಲ್ಲಿ ಪಾರ್ಶ್ವನಾಥ
ಬಟ್ಟೆಯಿಲ್ಲದೆ, ಅವಸರವಿಲ್ಲದೆ.
ಕಾಯುವ ಕೆಲಸದಲ್ಲಿ ಅವನ ಮುಂದೆ ನಾನಿನ್ನೂ ಎಳಸು.
ಕಂಬಕ್ಕೆ ಅಂಗೈ ಇಟ್ಟೆ. ತಣ್ಣಗಿತ್ತು.

ಬರುವಾಗ ಅಜ್ಜಿಗೆ ನಿದ್ದೆ. ಹುಡುಗನ ಮುಖ ಊದಿತ್ತು.
ರೈಲಿಗೆ ಇನ್ನೂ ಅರ್ಧ ಗಂಟೆ.
ಸ್ಟೇರಿಂಗು ಸಾಲಗಾಮೆ ರಸ್ತೆಗೆ ತಾನೇ ತಿರುಗಿತು.
'ಓಡಿ ಹೋಗಿ ಬಾ, ಹತ್ತೇ ನಿಮಿಷ.'
ಎಂಬತ್ತು ರೂಪಾಯಿ ನಾನೇ ಕೊಟ್ಟೆ.
'ನೀವು ಬರಲ್ವಾ?'
'ಗಾಡಿ ಯಾರು ನೋಡ್ತಾರೆ?'

ಹೇಳಲಿಲ್ಲ ಅವನಿಗೆ:
ಅದು ಮೊದಲು ಟಾಕೀಸು. ನಮ್ಮಪ್ಪ ಮೈಕ್ ಮಾಯಿಗಯ್ಯ
ಜಟಕಾದಲ್ಲಿ ಕೂತು ಊರಿಗೆಲ್ಲ ಕೂಗುತ್ತಿದ್ದ,
ಇಂದೇ ನೋಡಿರಿ, ಇಂದೇ ಕಡೆಯ ದಿನ.
ಒಂದೇ ಸಿನಿಮಾಗೆ ಒಂಬತ್ತು ಸಲ ಕಡೆಯ ದಿನ.
ಗಂಟಲ ಹುಣ್ಣಿನಲ್ಲೇ ಹೋದ, ಕೊನೆಯ ತಿಂಗಳು
ನೀರು ಬೇಕಾದರೆ ಲೋಟ ಬಡಿಯುತ್ತಿದ್ದ.
ಆ ಮೈಕು ಒಳಗೆ ಮೇಜಿನ ಮೇಲಿದೆಯಂತೆ.
ಟಿಕೆಟು ತಗೊಂಡು ನೋಡುವುದು ಹೇಗೆ ಅಪ್ಪನನ್ನು?

ಹುಡುಗ ಏದುಸಿರು ಬಿಡುತ್ತ ಬಂದ.
'ಅಂಕಲ್, ಒಂದು ಮೈಕಿದೆ. ಮುಟ್ಟಬೇಡಿ ಅಂತ ಬರೆದಿದ್ದಾರೆ.'
'ಮುಟ್ಟಿದೆಯಾ?'
ಅಜ್ಜಿಯ ಕಣ್ಣು ಮುಚ್ಚಿದೆಯೇ ಎಂದು ನೋಡಿ
ಹೂಂ ಅಂತ ತಲೆಯಾಡಿಸಿದ.

ಸ್ಟೇಷನ್ನಿನಲ್ಲಿ ಗಿರಿಜವ್ವ ಲೆಕ್ಕ ಕೇಳಿದಳು.
ಬಾಡಿಗೆ ಹೇಳಿದೆ.
'ವೇಟಿಂಗು?' ಅಂದಳು.
ಬೇಡ ಅಂದೆ.
ಉಳಿದ ಚಿಲ್ಲರೆ ಹುಡುಗನ ಅಂಗೈಗೆ ಹಾಕಿ
ಬೆರಳು ಮಡಿಸಿ ಮುಷ್ಟಿ ಮುಚ್ಚಿಸಿ,
ಪ್ಲಾಟ್‌ಫಾರ್ಮಿನ ಅನೌನ್ಸ್‌ಮೆಂಟು ಮುಗಿಯುವ ತನಕ
ಹಿಡಿದೇ ಇದ್ದೆ.